ನೀಲಗಿರಿಯ ವಿಷರಹಿತ ಇಲಿಭಕ್ಷಕ ಹಾವುಗಳು

ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಇಲಿ, ಹೆಗ್ಗಣ, ಅಳಿಲಿನಂಥ ದಂಶಕಗಳನ್ನು ನೆಚ್ಚಿ ಬದುಕುವ ವಿಷವಿಲ್ಲದ ಹಾವುಗಳು ಬೆರಳೆಣಿಕೆಯಷ್ಟು ಮಾತ್ರ. ಕೇರೆ, ಹೆಬ್ಬಾವು, ಆಭರಣ ಹಾವು, ಎರಡು ಬಗೆಯ ಮಣ್ಣು ಹಾವುಗಳು, ಒಣ ಬಯಲಿನ ಒಂದು ಪಟ್ಟೆ ಹಾವು: ಪಟ್ಟಿ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ. ಈ ಬೆಟ್ಟಸೀಮೆಯಲ್ಲಿರುವ ಒಟ್ಟು ಹಾವುಗಳ ವೈವಿಧ್ಯಕ್ಕೆ ಹೋಲಿಸಿದರೆ ಇದು ಚಿಕ್ಕ ಗುಂಪು. ಆದರೆ ಮನುಷ್ಯರ ಹೊಲ, ಕಣಜ, ತೋಟ, ಕೊಟ್ಟಿಗೆಗಳಿಗೆ ಅತಿ ಹತ್ತಿರ ಬಾಳುವ ಹಾವುಗಳು ಇವೇ. ವಿಷದ ಹಾವೆಂದು ತಪ್ಪಾಗಿ ತಿಳಿದ ಜನರ ಕೈಯಲ್ಲಿ ಹೆಚ್ಚಾಗಿ ಸಾಯುವುದೂ ಇವೇ.

ಈ ಹಾವುಗಳು ಜಿಲ್ಲೆಯ ತುಂಬ ಸಮವಾಗಿ ಹರಡಿಲ್ಲ. ನೀಲಗಿರಿಯಲ್ಲಿ ಯಾವ ಜೀವಿ ಎಲ್ಲಿರಬೇಕೆಂದು ತೀರ್ಮಾನಿಸುವುದು ಎತ್ತರ ಮತ್ತು ಮಳೆ. ಪಶ್ಚಿಮಕ್ಕೆ ಸುಮಾರು 1,000 ಮೀಟರ್ ಎತ್ತರದ ಗೂಡಲೂರು ಸೀಮೆ ಇದೆ. ನೈಋತ್ಯ ಮುಂಗಾರು ನೇರವಾಗಿ ಬಂದು ಅಪ್ಪಳಿಸುವ ಆ ಭಾಗದ ದೇವಾಲ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಬೆಟ್ಟದ ಬೆನ್ನ ಹಿಂದೆ, ಮಳೆ ನೆರಳಿನಲ್ಲಿ, ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಮಸಿನಗುಡಿ ಮತ್ತು ಸೀಗೂರು ಪ್ರಸ್ಥಭೂಮಿ. ಅಲ್ಲಿರುವುದು ಮುಳ್ಳುಪೊದೆ, ಒಣ ಕುರುಚಲು ಕಾಡು, ಕೆಳಗೆ ಮೋಯಾರ್ ನದಿಯ ಕಮರಿ. ಇವೆರಡರ ನಡುವೆ ಎದ್ದು ನಿಂತ ಮೇಲ್ನೆಲದಲ್ಲಿ ಕೂನೂರು 1,850 ಮೀಟರ್, ಉದಕಮಂಡಲ (ಊಟಿ) 2,240 ಮೀಟರ್, ದೊಡ್ಡಬೆಟ್ಟದ ನೆತ್ತಿ 2,637 ಮೀಟರ್. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ಹಿಮ್ಮುರಿ ತಿರುವುಗಳನ್ನು ಹತ್ತಿ ಊಟಿ ಸೇರುವಷ್ಟರಲ್ಲಿ ಪ್ರಯಾಣಿಕ ಹಾವುಗಳ ಎರಡು ಬೇರೆ ಬೇರೆ ಲೋಕಗಳನ್ನು ದಾಟಿರುತ್ತಾನೆ.

ಮೇಲಿನ ಲೋಕದಲ್ಲಿ ಇಲಿ ತಿನ್ನುವ ವಿಷರಹಿತ ಹಾವುಗಳ ಸುಳಿವೇ ಅಪರೂಪ. ಊಟಿಯ ಸುತ್ತಣ ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಸ್ವಂತ ಹಾವುಗಳೆಂದರೆ ಮಣ್ಣಿನೊಳಗೆ ಎರೆಹುಳು ತಿಂದುಕೊಂಡಿರುವ ಗುರಾಣಿಬಾಲದ ಹಾವುಗಳು, ಹುಲ್ಲಿನಲ್ಲಿ ಕಪ್ಪೆ ಹಲ್ಲಿಗಳನ್ನು ಹಿಡಿಯುವ ಪೆರೊಟೆಟ್‌ನ ಹಸಿರು ಹಾವು, ಕುದುರೆ ಲಾಳದ ಗುರುತು ಹೊತ್ತ ಒಂದು ಗುಳಿಮಂಡಲ. ಹಸಿರು ಹಾವು 1854ರಲ್ಲೇ ವಿಜ್ಞಾನದ ದಾಖಲೆ ಸೇರಿತು. ನೀಲಗಿರಿಯಲ್ಲಿ ಮಾದರಿಗಳನ್ನು ಸಂಗ್ರಹಿಸಿದ ಫ್ರೆಂಚ್ ಸಸ್ಯವಿಜ್ಞಾನಿ ಪೆರೊಟೆಟ್‌ನ ಹೆಸರು ಅದಕ್ಕೆ ಉಳಿದುಕೊಂಡಿದೆ. ಈ ಮೂರೂ ಬಗೆಯವು ಮರಿ ಹಾಕುವ ಹಾವುಗಳೆಂಬುದು ಗಮನಿಸಬೇಕಾದ ಸಂಗತಿ. ಡಿಸೆಂಬರ್–ಜನವರಿಯಲ್ಲಿ ಹಿಮದ ಹುಡಿ ಹಾಸುವ, ಬೇಸಿಗೆಯಲ್ಲೂ ನೆಲ ಪೂರ್ತಿ ಕಾಯದ ಊರಿನಲ್ಲಿ ಮೊಟ್ಟೆಯನ್ನು ಮಣ್ಣಿಗೆ ಒಪ್ಪಿಸಿ ಹೊರಡುವುದು ನಷ್ಟದ ವ್ಯಾಪಾರ. ಹೊಟ್ಟೆಯಲ್ಲೇ ಮರಿಗಳನ್ನಿಟ್ಟುಕೊಂಡ ತಾಯಿಯಾದರೋ ಬಿಸಿಲಿದ್ದಲ್ಲಿಗೆ ಸರಿದು ಮೈ ಕಾಯಿಸಿಕೊಳ್ಳಬಲ್ಲದು. ಕೇರೆ, ಆಭರಣ ಹಾವು, ಹೆಬ್ಬಾವು ಮೂರೂ ಮೊಟ್ಟೆ ಇಡುವಂಥವು. ಬೆಟ್ಟದ ನೆತ್ತಿ ಅವುಗಳಿಗೆ ಒಗ್ಗದಿರಲು ಇದು ಮುಖ್ಯ ಕಾರಣಗಳಲ್ಲೊಂದು ಎನ್ನಬಹುದು. ಹಾಗಾಗಿ ಊಟಿಯ ಆಲೂಗಡ್ಡೆ, ಕ್ಯಾರೆಟ್ ಹೊಲಗಳ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ಗೂಬೆ, ಮುಂಗುಸಿ, ಕಾಡುಬೆಕ್ಕುಗಳ ಪಾಲಿನದು. ಈ ಲೇಖನದ ಹಾವುಗಳದು ಕೂನೂರು–ಕೋಟಗಿರಿಯಿಂದ ಕೆಳಗಿನ ಸೀಮೆ.

ಕೇರೆ

ಈ ಗುಂಪಿನ ಯಜಮಾನ ಕೇರೆ. ಇದರ ವೈಜ್ಞಾನಿಕ ಹೆಸರು ಟಯಾಸ್ ಮ್ಯುಕೋಸ. 1758ರಲ್ಲಿ ಲಿನೇಯಸ್ ಇದನ್ನು ಹೆಸರಿಸಿದ. ಗೂಡಲೂರಿನಲ್ಲಿ ತಮಿಳರ ಬಾಯಲ್ಲಿ ಸಾರೈ, ಮಲಯಾಳಿಗಳ ಬಾಯಲ್ಲಿ ಚೇರ, ಕನ್ನಡಿಗರಿಗೆ ಕೇರೆ. ಒಂದೂವರೆಯಿಂದ ಎರಡು ಮೀಟರ್ ಉದ್ದದವು ಸಾಮಾನ್ಯ, ಮೂರು ಮೀಟರ್ ಮುಟ್ಟುವವೂ ಇವೆ. ಮೈಬಣ್ಣ ಹಳದಿಯಿಂದ ಕಂದು, ಕಪ್ಪುಛಾಯೆಯವರೆಗೆ ಬದಲಾಗುವುದರಿಂದ ಬಣ್ಣ ನೋಡಿ ಗುರುತು ಹಿಡಿಯಲಾಗದು. ದೊಡ್ಡ ಕಣ್ಣು, ಗುಂಡನೆಯ ಪಾಪೆ, ತುಟಿಯ ಮೇಲೆ ಲೇಖನಿಯಲ್ಲಿ ಎಳೆದಂಥ ಕಪ್ಪು ಗೆರೆಗಳು, ಮೈಯ ಹಿಂಭಾಗ ಮತ್ತು ಬಾಲದ ಮೇಲೆ ಕಪ್ಪು ಅಡ್ಡಗುರುತುಗಳು: ನಂಬಬಹುದಾದ ಚಿಹ್ನೆಗಳು ಇವು. ತಲೆ ಕತ್ತಿನಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ, ಹೆಡೆ ಇಲ್ಲ.

ಕೇರೆ ಹಗಲಿನ ಹಾವು. ಬೆಳಗಿನ ಬಿಸಿಲು ಕಾಯಿಸಿಕೊಂಡು ಹೊರಟಿತೆಂದರೆ ಬದು, ಬೇಲಿ, ಕಲ್ಲುಕಟ್ಟಣೆ, ಚಹಾ ಗಿಡಗಳ ಬುಡ ಎಲ್ಲವನ್ನೂ ತಡಕುತ್ತ ಸಾಗುತ್ತದೆ. ಮರವನ್ನೂ ಸಲೀಸಾಗಿ ಹತ್ತುತ್ತದೆ, ನೀರಿನಲ್ಲೂ ಈಜುತ್ತದೆ. ಬೇಟೆಯನ್ನು ಸುತ್ತಿ ಹಿಸುಕುವ ವಿದ್ಯೆ ಇದಕ್ಕೆ ತಿಳಿಯದು. ಬಾಯಲ್ಲಿ ಕಚ್ಚಿಹಿಡಿದು, ಮೈಭಾರದಿಂದ ನೆಲಕ್ಕೊತ್ತಿ, ಹಲವು ಸಲ ಜೀವಂತವಾಗಿಯೇ ನುಂಗುತ್ತದೆ. ಕೇರೆ ಇಲಿಯನ್ನಲ್ಲದೆ ಬೇರೇನೂ ತಿನ್ನದು ಎಂಬ ಮಾತು ಉತ್ಪ್ರೇಕ್ಷೆ. ಮರಿಗಳಿಗೆ ಕಪ್ಪೆ, ಹಲ್ಲಿಯೇ ಆಹಾರ. ಬೆಳೆದ ಹಾವೂ ಗದ್ದೆಯಲ್ಲಿ ಕಪ್ಪೆ ಸಿಕ್ಕರೆ ಬಿಡುವುದಿಲ್ಲ, ಹಕ್ಕಿಗೂಡಿಗೂ ಬಾಯಿ ಹಾಕುತ್ತದೆ. ಆದರೂ ಊರು, ಹೊಲ, ತೋಟಗಳ ಸುತ್ತ ಇರುವ ದೊಡ್ಡ ಕೇರೆಗಳಿಗೆ ಹೊಟ್ಟೆ ತುಂಬುವ ಊಟ ಇಲಿ ಮತ್ತು ಹೆಗ್ಗಣವೇ.

ಹಾವಿನ ಉಪಕಾರವನ್ನು ಅದು ತಿಂದ ಇಲಿಗಳ ಲೆಕ್ಕದಲ್ಲಷ್ಟೇ ಅಳೆಯುವುದು ಸರಿಯಲ್ಲ. ತಣ್ಣನೆ ರಕ್ತದ ಪ್ರಾಣಿಗೆ ದಿನದಿನವೂ ಊಟ ಬೇಕಿಲ್ಲ. ಒಂದು ಒಳ್ಳೆಯ ಊಟವಾದರೆ ಹಲವು ದಿನ ಸುಮ್ಮನಿರುತ್ತದೆ. ಆ ಲೆಕ್ಕದಲ್ಲಿ ಗೂಬೆಯೇ ಮುಂದು. ಹಾವಿನ ಹೆಚ್ಚುಗಾರಿಕೆ ಇರುವುದು ಅದರ ಆಕಾರದಲ್ಲಿ. ಗೂಬೆಗಾಗಲಿ ಬೆಕ್ಕಿಗಾಗಲಿ ಬಿಲದೊಳಕ್ಕೆ ಪ್ರವೇಶವಿಲ್ಲ. ಹಾವು ಒಳಗೇ ಇಳಿದು ಕಣ್ಣು ತೆರೆಯದ ಮರಿಗಳ ಗೂಡನ್ನೇ ಬರಿದು ಮಾಡುತ್ತದೆ. ಗರ್ಭ ಧರಿಸಿ ಸುಮಾರು ಮೂರು ವಾರಕ್ಕೆ ಈಯುವ, ಒಂದೇ ಸೂಲಿಗೆ ಅರ್ಧ ಡಜನ್ ಮರಿ ಹಾಕುವ ಪ್ರಾಣಿಯ ಸಂಖ್ಯೆಯನ್ನು ತಡೆಯಲು ತಕ್ಕ ಜಾಗ ಅದೇ. ಹಾಗೆಂದು ಇಲಿಗಳ ಹಾವಳಿ ಒಮ್ಮೆ ಉಕ್ಕಿ ಹರಿದ ಮೇಲೆ ಹಾವುಗಳು ಬಂದು ಬೆಳೆ ಉಳಿಸಿಕೊಡುತ್ತವೆ ಎಂದು ನಂಬಿ ಕೂರುವುದೂ ತಪ್ಪು. ಇಲಿಗಳು ಏರುವ ವೇಗದಲ್ಲಿ ಹಾವುಗಳ ಸಂಖ್ಯೆ ಏರುವುದಿಲ್ಲ. ಇದ್ದುದನ್ನು ಹಿಡಿತದಲ್ಲಿಡುವುದು ಅವುಗಳಿಂದಾಗುವ ಕೆಲಸ.

ಹೆಣ್ಣು ಕೇರೆ ಹತ್ತರ ಆಸುಪಾಸು ಮೊಟ್ಟೆಗಳನ್ನು ಬಿಲ, ಹುತ್ತ, ಎಲೆಗೊಬ್ಬರದ ರಾಶಿಯಂಥ ಬೆಚ್ಚನೆಯ ಜಾಗದಲ್ಲಿಡುತ್ತದೆ. ಮರಿ ಹೊರಬರಲು ಎರಡು ತಿಂಗಳು ಬೇಕು. ಅದಕ್ಕೂ ಮುಂಚೆ ಗಂಡುಗಳ ಕಾದಾಟ ನಡೆಯುತ್ತದೆ. ಎರಡು ಕೇರೆಗಳು ಹಗ್ಗದಂತೆ ಹೆಣೆದುಕೊಂಡು, ಮುಂಭಾಗ ಮೇಲೆತ್ತಿ, ಒಂದು ಇನ್ನೊಂದರ ತಲೆಯನ್ನು ನೆಲಕ್ಕೊತ್ತಲು ಹೆಣಗುತ್ತವೆ. ಕಚ್ಚಾಟವಿಲ್ಲ, ಸೋತದ್ದು ಜಾಗ ಬಿಟ್ಟು ಹೋಗುತ್ತದೆ. ಇದನ್ನೇ ಹಾವುಗಳ ಸರಸವೆಂದು ತಿಳಿದು, ಮೇಲೆ ಬಿಳಿ ಬಟ್ಟೆ ಹಾಸಿ ಅದನ್ನು ಮನೆಯಲ್ಲಿಟ್ಟರೆ ಸಿರಿ ಬರುತ್ತದೆಂದು ನಂಬುವವರು ಕನ್ನಡ, ತಮಿಳು ಸೀಮೆಗಳೆರಡರಲ್ಲೂ ಇದ್ದಾರೆ. ಜೋಡಿಯಲ್ಲಿ ಒಂದು ನಾಗರ, ಇನ್ನೊಂದು ಕೇರೆ ಎಂಬ ಮಾತೂ ಜೊತೆಗೆ ಸೇರಿಕೊಂಡಿದೆ. ಇವೆರಡೂ ಬೇರೆ ಬೇರೆ ಕುಟುಂಬದ ಹಾವುಗಳು, ಇವುಗಳ ನಡುವೆ ಕೂಡಿಕೆ ಸಾಧ್ಯವಿಲ್ಲ. ನಾಗರವಂತೂ ಸಣ್ಣ ಹಾವುಗಳನ್ನು ಹಿಡಿದು ತಿನ್ನುವ ಪ್ರಾಣಿ. ಕೇರೆ ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಹೀರುತ್ತದೆ, ಬಾಲವನ್ನು ದನದ ಮೂಗಿಗೆ ತೂರಿಸಿ ಕೊಲ್ಲುತ್ತದೆ ಎಂಬ ಕಥೆಗಳಿಗೂ ಆಧಾರವಿಲ್ಲ. ಕೊಟ್ಟಿಗೆಗೆ ಅದು ಬರುವುದು ಹಿಂಡಿ, ಬೂಸಾ ತಿನ್ನಲು ಬಂದ ಇಲಿಯ ಬೆನ್ನುಹತ್ತಿ.

ಕೇರೆಯನ್ನು ಮೂಲೆಗೊತ್ತಿದರೆ ಕತ್ತು ಉಬ್ಬಿಸಿ, ನಾಯಿ ಗುರುಗುಟ್ಟಿದಂಥ ತಗ್ಗುದನಿ ಹೊರಡಿಸಿ, ಎರಗಿ ಕಚ್ಚುತ್ತದೆ. ಗಾಯವಾಗಿ ರಕ್ತ ಬರಬಹುದು, ವಿಷವಿಲ್ಲ. ಈ ಆರ್ಭಟವೇ ಅದಕ್ಕೆ ಮುಳುವು. ಹೆಡೆಯೆತ್ತಿತು, ನಾಗರವೇ ಇರಬೇಕು ಎಂದುಕೊಂಡವರ ದೊಣ್ಣೆಗೆ ಸಿಗುತ್ತದೆ.

ಮನುಷ್ಯರಲ್ಲದೆ ಕೇರೆಗೆ ಇನ್ನೊಬ್ಬ ದೊಡ್ಡ ಶತ್ರು ಗೂಡಲೂರಿನ ಒದ್ದೆ ಕಾಡುಗಳಲ್ಲಿ ಇದೆ: ಕಾಳಿಂಗ ಸರ್ಪ. ಹಾವುಗಳನ್ನೇ ತಿಂದು ಬದುಕುವ ಕಾಳಿಂಗದ ಊಟದಲ್ಲಿ ಕೇರೆಗೆ ಪ್ರಮುಖ ಸ್ಥಾನ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ಪ್ರತ್ಯೇಕ ಜಾತಿಯೆಂದು ಗುರುತಿಸಿ, ಕನ್ನಡದ ಹೆಸರನ್ನೇ ಉಳಿಸಿಕೊಂಡು ಒಫಿಯೋಫೇಗಸ್ ಕಾಳಿಂಗ ಎಂದು ಕರೆದಿದ್ದಾರೆ. ಕೇರೆಗಳು ಕಡಿಮೆಯಾದ ತೋಟದಲ್ಲಿ ಕಾಳಿಂಗವೂ ನಿಲ್ಲುವುದಿಲ್ಲ.

ಹೆಬ್ಬಾವು

ಹೆಬ್ಬಾವನ್ನು, ಅಂದರೆ ಪೈಥಾನ್ ಮೊಲುರಸ್ ಅನ್ನು, ಇಲಿಭಕ್ಷಕರ ಸಾಲಿನಲ್ಲಿ ಸೇರಿಸುವುದಕ್ಕೆ ಸ್ವಲ್ಪ ವಿವರಣೆ ಬೇಕು. ಮೊಲ, ಮುಳ್ಳುಹಂದಿ, ನವಿಲು, ಜಿಂಕೆಮರಿಗಳನ್ನು ನುಂಗುವ ದೊಡ್ಡ ಹೆಬ್ಬಾವಿನ ಚಿತ್ರವೇ ಜನರ ಮನಸ್ಸಿನಲ್ಲಿರುವುದು. ಆದರೆ ಮೊಟ್ಟೆಯೊಡೆದು ಬಂದ ಮರಿ ಆ ಗಾತ್ರಕ್ಕೆ ಬೆಳೆಯಲು ವರ್ಷಗಳು ಬೇಕು, ಆ ವರ್ಷಗಳನ್ನು ಅದು ಹೆಚ್ಚಾಗಿ ಇಲಿಗಳ ಮೇಲೆಯೇ ಕಳೆಯುತ್ತದೆ. ಮುಳ್ಳುಹಂದಿಯೂ ದಂಶಕವೇ ಎಂಬುದನ್ನು ನೆನಪಿಟ್ಟರೆ ಹೆಬ್ಬಾವು ಈ ಪಟ್ಟಿಯಿಂದ ಜೀವಮಾನದಲ್ಲೆಂದೂ ಹೊರಹೋಗುವುದಿಲ್ಲ.

ಹೆಬ್ಬಾವು ಬೇಟೆಯ ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಅಮೆರಿಕದ ಸ್ಕಾಟ್ ಬೋಬ್ಯಾಕ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಉತ್ತರ ಕೊಟ್ಟಿತು. ಅವರು ನೋಡಿದ್ದು ದಕ್ಷಿಣ ಅಮೆರಿಕದ ಬೋವಾ ಹಾವುಗಳನ್ನು. ಸುತ್ತು ಬಿಗಿದ ಕೆಲವೇ ಕ್ಷಣಗಳಲ್ಲಿ ಇಲಿಯ ರಕ್ತಪರಿಚಲನೆ ಕುಸಿದು ಹೃದಯದ ಬಡಿತ ಕೆಡುತ್ತಿತ್ತು; ಸಾವಿಗೆ ಕಾರಣ ಉಸಿರು ನಿಂತದ್ದಕ್ಕಿಂತ ರಕ್ತದ ಹರಿವು ನಿಂತದ್ದು.

ಮಸಿನಗುಡಿಯ ಕೆಳಗಿನ ಮೋಯಾರ್ ಕಣಿವೆ ಹೆಬ್ಬಾವಿಗೆ ಹೇಳಿಮಾಡಿಸಿದ ಜಾಗ. ಬಂಡೆಗಳು, ನದಿ, ಪಕ್ಕದಲ್ಲೇ ಒಣ ಕಾಡು, ಮುಳ್ಳುಹಂದಿ ತೋಡಿದ ಬಿಲಗಳು ಎಲ್ಲವೂ ಅಲ್ಲಿವೆ. ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ಈ ಕಣಿವೆಯ ಹೆಬ್ಬಾವುಗಳಿಗೆ ರೇಡಿಯೋ ಸಾಧನ ಅಳವಡಿಸಿ ಅವುಗಳ ಓಡಾಟವನ್ನು ಅಧ್ಯಯನ ಮಾಡಿದ್ದಾರೆ. ತಾಯಿ ಹೆಬ್ಬಾವು ಮೊಟ್ಟೆಗಳ ರಾಶಿಯ ಮೇಲೆ ಸುತ್ತಿಕೊಂಡು ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸುತ್ತದೆ. ಹಾವುಗಳಲ್ಲಿ ಇದು ತೀರ ವಿರಳವಾದ ಸಾಮರ್ಥ್ಯ. ಹಾಗಿದ್ದೂ ಊಟಿಯ ಎತ್ತರಕ್ಕೆ ಅದು ಏರದು. 1940ರಲ್ಲಿ ಅಭಯಾರಣ್ಯವಾಗಿ, 2007ರಲ್ಲಿ ಹುಲಿ ಮೀಸಲು ಪ್ರದೇಶವಾಗಿ ಘೋಷಿತವಾದ ಮುದುಮಲೆಯ ಕಾಡೇ ಜಿಲ್ಲೆಯಲ್ಲಿ ಅದರ ಮುಖ್ಯ ನೆಲೆ.

ಉಳಿದವು

ಆಭರಣ ಹಾವು ಕಡ್ಡಿಯಂತೆ ತೆಳು, ಒಂದು ಮೀಟರಿನ ಆಸುಪಾಸು ಉದ್ದ. ಕಂದು ಮೈಯ ಮುಂಭಾಗದಲ್ಲಿ ಬಿಳಿ ಕಣ್ಣುಗಳ ಪಟ್ಟಿ, ಹಿಂಭಾಗಕ್ಕೆ ಹೋದಂತೆ ಎರಡು ಅಗಲ ಗೆರೆಗಳು. ಇಲಿಮರಿ, ಸುಂಡಿಲಿಗಳನ್ನು ಸುತ್ತಿ ಹಿಸುಕಿ ಕೊಲ್ಲುತ್ತದೆ. ಕೆಣಕಿದರೆ ಕತ್ತನ್ನು ಪಕ್ಕದಿಂದ ಚಪ್ಪಟೆ ಮಾಡಿ, ಮುಂಭಾಗವನ್ನು ಹಾವಾಡಿಗನ ಹಾವಿಗಿಂತ ಚೆನ್ನಾಗಿ ಬಳುಕಿಸಿ ನಿಲ್ಲುತ್ತದೆ. ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿರುವ, ಕತ್ತಿನ ಗುರುತು ಬೇರೆಯಾದ ಆಭರಣ ಹಾವನ್ನು 1992ರಲ್ಲಿ ಹಾವುತಜ್ಞ ಕ್ಲೌಸ್-ಡೀಟರ್ ಶುಲ್ಜ್ ಪ್ರತ್ಯೇಕ ಉಪಜಾತಿಯಾಗಿ ವರ್ಣಿಸಿದ. ಚಹಾ ಮತ್ತು ಕಾಫಿ ತೋಟಗಳ ನೆರಳು, ಕಲ್ಲಿನ ತಡೆಗೋಡೆಗಳು ಇದಕ್ಕೆ ಇಷ್ಟ. ಕತ್ತಲಾದ ಮೇಲೂ ಓಡಾಡುವುದರಿಂದ ಕೇರೆಯಷ್ಟು ಕಣ್ಣಿಗೆ ಬೀಳುವುದಿಲ್ಲ.

ಮಣ್ಣು ಹಾವುಗಳು ಒಣ ನೆಲದವು. ಮಸಿನಗುಡಿಯಿಂದ ಬಂಡೀಪುರ, ಗುಂಡ್ಲುಪೇಟೆ ಕಡೆಗೆ ಚಾಚಿದ ಕೆಮ್ಮಣ್ಣಿನ ಸೀಮೆಗೆ ಸೇರಿದ ಹಾವುಗಳೆಂದು ಇವನ್ನು ತಿಳಿಯಬೇಕು. ಇಲಿಬಿಲದಲ್ಲಿ, ಸಡಿಲ ಮಣ್ಣಿನಲ್ಲಿ ಅಡಗಿ ಕುಳಿತು, ಹತ್ತಿರ ಬಂದ ಬೇಟೆಯನ್ನು ಹಿಡಿದು ಹಿಸುಕುತ್ತವೆ, ಮರಿ ಹಾಕುತ್ತವೆ. ಬಾಲದ ತುದಿ ತಲೆಯಂತೆಯೇ ಮೊಂಡಾಗಿರುವ ಕೆಂಪು ಮಣ್ಣು ಹಾವಿಗೆ ಇಮ್ಮಂಡೆ ಹಾವು, ಎರಡು ತಲೆ ಹಾವು ಎಂಬ ಹೆಸರುಗಳಿವೆ. ಈ ಬಡಪಾಯಿಯ ಸುತ್ತ ಬೆಳೆದಿರುವ ಮೋಸದ ಜಾಲ ನಾಚಿಕೆಗೇಡು. ನಿಧಿ ತೋರಿಸುತ್ತದೆ, ರೋಗ ವಾಸಿ ಮಾಡುತ್ತದೆ, ಇಂತಿಷ್ಟು ಕೆ.ಜಿ. ತೂಗಿದರೆ ಲಕ್ಷಗಟ್ಟಲೆ ಬೆಲೆ ಎಂದು ನಂಬಿಸಿ ಮಾರುವವರು ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದಾರೆ. ಕೊನೆಗೆ ಕೊಂಡವನಿಗೆ ನಿಧಿಯೂ ಇಲ್ಲ, ಹೊಲದಲ್ಲಿ ಹಾವೂ ಇಲ್ಲ. ಇನ್ನೊಂದು ಜಾತಿಯ ಮೈಮೇಲೆ ಕಂದು ಮಚ್ಚೆಗಳಿದ್ದು ಅದನ್ನು ಕೊಳಕುಮಂಡಲವೆಂದು ಕೊಲ್ಲುತ್ತಾರೆ.

ಒಣ ಬಯಲಿನ ಪಟ್ಟೆ ಹಾವಿನ ಎಳೆಯ ಮೈಯಲ್ಲಿ ಬಿಳಿ ಅಡ್ಡಪಟ್ಟೆಗಳಿದ್ದು, ಬೆಳೆದಂತೆ ಅವು ಮಾಸುತ್ತವೆ. ಇದೂ ಕತ್ತು ಚಪ್ಪಟೆ ಮಾಡಿ ನಾಗರದ ಭ್ರಮೆ ಹುಟ್ಟಿಸುತ್ತದೆ.

ಬೆಕ್ಕು ಹಾವುಗಳೂ ಒಮ್ಮೊಮ್ಮೆ ಇಲಿ ತಿನ್ನುತ್ತವೆ. ಆದರೆ ಅವುಗಳ ಹಿಂದಿನ ಹಲ್ಲಿನಲ್ಲಿ ಸೌಮ್ಯ ವಿಷವಿರುವುದರಿಂದ ಇಲ್ಲಿ ಸೇರುವುದಿಲ್ಲ. ತೋಳ ಹಾವಿಗೆ ಹಲ್ಲಿ, ನೀರೊಳ್ಳೆಗೆ ಮೀನು ಮತ್ತು ಕಪ್ಪೆ ಮುಖ್ಯ.

ಇಲಿಗಳ ಕಡೆಯಿಂದ

ಈ ಹಾವುಗಳ ಊಟದ ತಟ್ಟೆಯಲ್ಲಿ ಏನೇನಿದೆ ಎಂದು ನೋಡಿದರೆ ಜಿಲ್ಲೆಯ ಬೇಸಾಯದ ಚರಿತ್ರೆಯೂ ಕಾಣುತ್ತದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಸಲಿವನ್ ಊಟಿಯನ್ನು ಕಟ್ಟಿದ ಮೇಲೆ ಆಲೂಗಡ್ಡೆ ಮತ್ತಿತರ ಯುರೋಪಿನ ತರಕಾರಿಗಳು, ಕಾಫಿ, ಚಹಾ ಬಂದವು. ಇಲ್ಲಿನ ಬಡಗ ಸಮುದಾಯದ ಹಟ್ಟಿಗಳ ಸುತ್ತ ಧಾನ್ಯದ ಹೊಲಗಳಿದ್ದಲ್ಲಿ ತರಕಾರಿ, ಚಹಾ ತುಂಬಿದವು. ಬ್ರಿಟಿಷ್ ತೋಟಗಾರರು ಕಾಫಿ ಇಲಿ ಎಂದು ಶಪಿಸಿದ ಪೊದೆ ಇಲಿ ಕಾಫಿಗಿಡದ ಮೊಗ್ಗು, ಹೂವುಗಳನ್ನು ಕಡಿದುಹಾಕುತ್ತಿತ್ತು. ಗೂಡಲೂರಿನ ಗದ್ದೆಗಳಲ್ಲಿ ಹೆಗ್ಗಣ ಬದು ತೋಡಿ ತೆನೆಗಳನ್ನು ಬಿಲದೊಳಗೆ ಕೂಡಿಡುತ್ತದೆ. ಎಸ್ಟೇಟಿನ ಲೈನ್ ಮನೆಗಳಲ್ಲಿ, ಅಂಗಡಿಗಳಲ್ಲಿ ಮನೆ ಇಲಿ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಒದ್ದೆ ಗದ್ದೆಯಲ್ಲಿ ದುಡಿಯುವವರಿಗೆ ಇಂದಿಗೂ ಅಪಾಯ.

ಆದರೆ ನೀಲಗಿರಿಯ ಇಲಿಗಳೆಲ್ಲ ಪೀಡೆಗಳಲ್ಲ. ಪ್ರಾಣಿವಿಜ್ಞಾನಿ ಜೆರ್ಡನ್ 1867ರಲ್ಲಿ ವರ್ಣಿಸಿದ ನೀಲಗಿರಿ ಮರ ಇಲಿ, ಬಾನ್‌ಹೋಟ್ 1898ರಲ್ಲಿ ಕೂನೂರಿನಿಂದ ವರ್ಣಿಸಿದ ಕಾಡು ಚಿಟ್ಟಿಲಿ, ಪಶ್ಚಿಮ ಘಟ್ಟಕ್ಕೇ ಮೀಸಲಾದ ಮುಳ್ಳುಕೂದಲ ಮರ ಇಲಿ ಇವೆಲ್ಲ ಅಪರೂಪದ ಕಾಡುಜೀವಿಗಳು. ನೀಲಗಿರಿ ಮರ ಇಲಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಇಲಿಗಳಿಗೆ ಇಡುವ ವಿಷದ ಗುಳಿಗೆಗೆ ಪೀಡೆಗೂ ಇಂಥ ಕಾಡಿಲಿಗೂ ಭೇದ ತಿಳಿಯದು, ತಿಂದದ್ದನ್ನೆಲ್ಲ ಕೊಲ್ಲುತ್ತದೆ. ವಿಷ ತಿಂದು ತೂರಾಡುವ ಇಲಿ ಹಾವಿಗೆ, ಗೂಬೆಗೆ, ಬೆಕ್ಕಿಗೆ ಸುಲಭದ ತುತ್ತು. ಹೀಗೆ ವಿಷ ಒಂದು ಹಂತ ಮೇಲೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಇಲಿಪಾಷಾಣಗಳು ಇಲಿಯ ಮೈಯಲ್ಲಿ ದಿನಗಟ್ಟಲೆ ಉಳಿಯುವುದರಿಂದ ಈ ಅಪಾಯ ಇನ್ನೂ ಹೆಚ್ಚು.

ಕಾಯ್ದೆ, ಕಸುಬು, ರಸ್ತೆ

ಒಂದು ಕಾಲಕ್ಕೆ ಕೇರೆಯ ಚರ್ಮ ಚೀಲ, ಬೆಲ್ಟು, ಚಪ್ಪಲಿಗಳಾಗಿ ಪರದೇಶಕ್ಕೆ ಹೋಗುತ್ತಿತ್ತು. ಮದರಾಸಿನ ಸುತ್ತಣ ಚೆಂಗಲ್ಪಟ್ಟು ಸೀಮೆಯ ಇರುಳ ಬುಡಕಟ್ಟಿನವರು ಅದಕ್ಕಾಗಿ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಆಮೇಲೆ ಬಂದ ರಫ್ತು ನಿಷೇಧ ಆ ವ್ಯಾಪಾರವನ್ನು ನಿಲ್ಲಿಸಿದವು. ಕಸುಬು ಕಳೆದುಕೊಂಡ ಇರುಳರ ಕೌಶಲ ವ್ಯರ್ಥವಾಗದಂತೆ ಹಾವುತಜ್ಞ ರೊಮುಲಸ್ ವಿಟೇಕರ್ ಅವರ ಪ್ರಯತ್ನದಿಂದ 1978ರಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ವಿಷದ ಹಾವುಗಳನ್ನು ಹಿಡಿದು, ವಿಷ ತೆಗೆದು, ಮರಳಿ ಕಾಡಿಗೆ ಬಿಡುವುದು ಅದರ ಕೆಲಸ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಮಸಿನಗುಡಿ ಸುತ್ತ ಇರುವ ಇರುಳರು ಹೆಸರಿನಲ್ಲಿ ಒಂದೇ ಆದರೂ ಬದುಕಿನಲ್ಲಿ ಬೇರೆ. ಹಾವು ಹಿಡಿಯುವುದು ಅವರ ಕುಲಕಸುಬಲ್ಲ. ಇಂದು ಕೇರೆ, ಹೆಬ್ಬಾವು, ಮಣ್ಣು ಹಾವುಗಳನ್ನು ಕೊಲ್ಲುವುದು, ಹಿಡಿದಿಡುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಹೆಬ್ಬಾವು ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ.

ಕಾಯ್ದೆ ಚರ್ಮದ ವ್ಯಾಪಾರವನ್ನು ನಿಲ್ಲಿಸಿತು, ಚಕ್ರವನ್ನು ನಿಲ್ಲಿಸಲಾಗಲಿಲ್ಲ. ಬಂಡೀಪುರ–ಮುದುಮಲೆ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ತಡೆಯಿದೆ. ಹೆಬ್ಬಾವಿನಂಥ ರಾತ್ರಿಸಂಚಾರಿಗೆ ಅದರಿಂದ ಉಪಕಾರವಾಗಿದೆ. ಹಗಲು ತಿರುಗುವ ಕೇರೆಗೆ ಈ ತಡೆಯಿಂದ ಯಾವ ಪ್ರಯೋಜನವೂ ಇಲ್ಲ. ಪ್ರವಾಸಿಗಳ ಕಾರುಗಳು ಸಾಲುಗಟ್ಟಿ ಹೋಗುವ ಹೊತ್ತಿನಲ್ಲೇ ಅದು ಡಾಂಬರು ದಾಟುತ್ತದೆ.

ಮನೆಯ ಸುತ್ತ ಇಲಿಯಿದ್ದರೆ ಹಾವು ಬಂದೇ ಬರುತ್ತದೆ. ಕೇರೆ ಬರುವ ಬಿಲಕ್ಕೇ ನಾಗರವೂ ಕೊಳಕುಮಂಡಲವೂ ಬರುತ್ತವೆ. ಭಾರತದಲ್ಲಿ 2000ದಿಂದ 2019ರ ನಡುವೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂಬ ಅಂದಾಜಿದೆ. ಆದ್ದರಿಂದ ಗುರುತು ಖಚಿತವಿಲ್ಲದ ಹಾವನ್ನು ಕೇರೆಯೆಂದು ತಿಳಿದು ಮುಟ್ಟಬಾರದು, ನಾಗರವೆಂದು ತಿಳಿದು ಹೊಡೆಯಲೂ ಬಾರದು. ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಳು, ಹಿಂಡಿಯನ್ನು ಮುಚ್ಚಳವಿರುವ ಡಬ್ಬಗಳಲ್ಲಿಟ್ಟು, ಗೋಡೆಯ ಬುಡದ ಕಟ್ಟಿಗೆ ರಾಶಿಯನ್ನು ತೆಗೆದರೆ ಹಾವುಗಳ ಭೇಟಿ ತಾನಾಗಿ ಕಡಿಮೆಯಾಗುತ್ತದೆ. ಕಚ್ಚಿದ್ದು ಯಾವ ಹಾವೆಂದು ಗೊತ್ತಿಲ್ಲದಿದ್ದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು ಏನನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಬೇಕು.